ತಕ್ಕಡಿ ಅಕ್ಕ ತಪ್ಪಿದ ಹತ್ತೊಂಬತ್ತು ದಿನ

ಮಕ್ಕಳ ಆಸ್ಪತ್ರೆಯ ಮೂರನೇ ಮಹಡಿಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆ ಹೆಂಗಸನ್ನು ಎಲ್ಲರೂ ಕರೆಯುತ್ತಿದ್ದದ್ದು ತಕ್ಕಡಿ ಅಕ್ಕ ಎಂದೇ. ಡಾಕ್ಟರುಗಳೂ ಹಾಗೇ, ಕಸ ಗುಡಿಸುವವರೂ ಹಾಗೇ. ಬೇಯಿಸುವವರು ಬೇರೆ ಇದ್ದರು; ಅಕ್ಕನ ಕೆಲಸ ತೂಗುವುದು. ಆ ಮಹಡಿಯಲ್ಲಿ ಹನ್ನೆರಡು ಮಂಚಗಳ ಒಂದು ವಾರ್ಡಿತ್ತು. ಎಷ್ಟು ತಿಂದರೂ ಮೈ ಹತ್ತದ ಮಕ್ಕಳು, ಏನೂ ತಿನ್ನದಿದ್ದರೂ ಊದಿಕೊಳ್ಳುತ್ತಾರೆ ಎಂದು ಹೆತ್ತವರು ಅಳಲು ತೋಡಿಕೊಳ್ಳುವ ಮಕ್ಕಳು, ಎರಡೂ ಬಗೆಯವರು ಅಲ್ಲಿ ಅಕ್ಕಪಕ್ಕ ಮಲಗುತ್ತಿದ್ದರು. ಪ್ರತಿಯೊಂದು ತಟ್ಟೆಯೂ ವಾರ್ಡಿಗೆ ಹೋಗುವ ಮೊದಲು ಒಮ್ಮೆ, ವಾಪಸು ಬಂದ ಮೇಲೆ ಒಮ್ಮೆ ತಕ್ಕಡಿ ಏರಬೇಕು. ಹೋದದ್ದರಲ್ಲಿ ಬಂದದ್ದನ್ನು ಕಳೆದರೆ ಮಗುವಿನ ಹೊಟ್ಟೆಗೆ ಸೇರಿದ್ದೆಷ್ಟು ಎಂದು ತಿಳಿಯುತ್ತದೆ. ಔಷಧ ಬದಲಿಸುವುದು, ಮಗುವನ್ನು ಮನೆಗೆ ಕಳಿಸುವುದು, ಎಲ್ಲಕ್ಕೂ ಆ ಅಂಕಿಯೇ ಆಧಾರ.

ಅವಳು ಆ ಕೆಲಸ ಮಾಡುತ್ತಿದ್ದ ರೀತಿ ನೋಡಿದರೆ ಚಿನ್ನದಂಗಡಿಯವರೂ ನಾಚಬೇಕು. ಗಂಜಿಯ ಬಟ್ಟಲಿನ ಹೊರಗೆ ಒಂದು ಹನಿ ಅಂಟಿದ್ದರೂ ಒರೆಸಿ ತೂಗುವಳು. ತೊಳೆದ ತಟ್ಟೆ ಹಸಿಯಾಗಿದ್ದರೆ ನೀರಿನ ತೂಕ ಸೇರಿಬಿಡುತ್ತದೆ ಎಂದು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಒಣಗಿಸುವಳು. ಊಟದ ಜೊತೆ ಒಂದು ಕಿತ್ತಳೆ ಹೋದರೆ ಅದರ ಸಿಪ್ಪೆ, ಬೀಜ ಎಲ್ಲ ತಟ್ಟೆಯಲ್ಲೇ ಮರಳಿ ಬರಬೇಕು; ಅವನ್ನು ತೂಗಿ ಕಳೆಯದೆ ಮಗು ತಿಂದ ಹಣ್ಣೆಷ್ಟು ಎಂದು ಹೇಳುವುದಾದರೂ ಹೇಗೆ? ಅಂದಾಜು ಎಂಬ ಮಾತು ಅವಳ ಪಾಲಿಗೆ ಬೈಗುಳವಿದ್ದ ಹಾಗೆ. ಹೊಸದಾಗಿ ಬಂದ ನರ್ಸೊಬ್ಬಳು ಮಗು ಅರ್ಧ ಬಟ್ಟಲು ಹಾಲು ಕುಡಿದಿದೆ ಎಂದು ಬರೆದುಕೊಳ್ಳಿ ಎಂದದ್ದಕ್ಕೆ, ಅರ್ಧ ಎಂದರೆ ಎಷ್ಟು ಗ್ರಾಂ ತಾಯಿ ಎಂದು ಕೇಳಿ, ಬಟ್ಟಲು ತರಲು ಅವಳನ್ನು ವಾರ್ಡಿನ ಆ ತುದಿಯವರೆಗೆ ಓಡಿಸಿದ್ದಳಂತೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ವಿಷಯ ಮುಚ್ಚಿಡಲು ಬರುವುದಿಲ್ಲ. ಅಕ್ಕ ದಪ್ಪ. ಸ್ವಲ್ಪ ದುಂಡಗಿದ್ದಾಳೆ ಎಂದು ನಯವಾಗಿ ಹೇಳಿ ಮುಗಿಸುವಷ್ಟಲ್ಲ, ಲಿಫ್ಟಿಗೆ ಅವಳು ಕಾಲಿಟ್ಟರೆ ಉಳಿದವರು ಗೋಡೆಗೆ ಒತ್ತಿಕೊಳ್ಳುವಷ್ಟು ದಪ್ಪ. ಅಡುಗೆಮನೆಯಲ್ಲಿ ಕೆಲಸ ಮಾಡುವ ದಪ್ಪ ಹೆಂಗಸಿನ ಬಗ್ಗೆ ಜನ ಏನೆನ್ನುತ್ತಾರೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅವಳು ಸೇರಿದ ಹೊಸದರಲ್ಲಿ, ಮಕ್ಕಳ ಹಾಲೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಈಗ ಗೊತ್ತಾಯಿತು ಬಿಡು ಎಂದು ಅವಳ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡರು. ಅಕ್ಕ ಜಗಳಕ್ಕೆ ಹೋಗಲಿಲ್ಲ. ಮಾರನೆಯ ದಿನದಿಂದ ತನ್ನ ಊಟದ ಡಬ್ಬಿಯನ್ನೂ ಎಲ್ಲರೆದುರು ತಕ್ಕಡಿಗಿಟ್ಟು ಬರೆಯತೊಡಗಿದಳು. ಜೊತೆಗೆ ಟ್ರಾಲಿ ತಳ್ಳುವವನ ಡಬ್ಬಿಯನ್ನೂ. ಅವನಿಗೆ ಕಡ್ಡಿ ಎಂದು ಅಡ್ಡಹೆಸರು. ಗಾಳಿ ಜೋರಾಗಿ ಬೀಸಿದರೆ ಟ್ರಾಲಿಯನ್ನೇ ಹಿಡಿದು ನಿಲ್ಲಬೇಕಾದಂಥ ಮೈ. ಮೂರು ತಿಂಗಳ ಕೊನೆಗೆ ಕೂಡಿಸಿ ನೋಡಿದರೆ ಕಡ್ಡಿ ಉಂಡದ್ದು ಅಕ್ಕ ಉಂಡದ್ದರ ಒಂದೂವರೆ ಪಟ್ಟು. ಮನೆಗೆ ಹೋಗಿ ತಿನ್ನುತ್ತಾಳೇನೋ ಎಂದು ಒಂದಿಬ್ಬರು ಮೂಗು ಮುರಿದರು. ಉಳಿದವರ ಬಾಯಿಗೆ ಬೀಗ ಬಿತ್ತು. ಕಡ್ಡಿ ಮಾತ್ರ ಅಂದಿನಿಂದ ತನ್ನ ಡಬ್ಬಿಯನ್ನು ಹೆಮ್ಮೆಯಿಂದ ಎಲ್ಲರಿಗೂ ತೋರಿಸಿಕೊಂಡು ಓಡಾಡಿದ.

ಈ ಮಾತುಗಳು ಅಕ್ಕನಿಗೆ ಹೊಸವೇನಲ್ಲ. ಅವಳೂ ಅವಳ ತಂಗಿಯೂ ಒಂದೇ ಪಾತ್ರೆಯ ಅನ್ನ ಉಂಡು ಬೆಳೆದವರು. ತಂಗಿ ಬಳ್ಳಿಯ ಹಾಗೆ, ಇವಳು ಹೀಗೆ. ಡಬ್ಬದಲ್ಲಿ ಸಕ್ಕರೆ ಇಳಿದಿದ್ದರೆ ಮನೆಯವರೆಲ್ಲ ಮೊದಲು ನೋಡುತ್ತಿದ್ದದ್ದು ಇವಳ ಮುಖವನ್ನು. ಮುಕ್ಕಿದ್ದು ತಂಗಿಯಾದರೂ ಬೆನ್ನ ಮೇಲೆ ಬೀಳುತ್ತಿದ್ದದ್ದು ಇವಳಿಗೆ. ತಂದೆಯ ಮೂವರು ಅಕ್ಕಂದಿರೂ ಇದೇ ಮೈಕಟ್ಟಿನವರು, ಮಗು ಅವರನ್ನು ಹೋತಿದೆ ಎಂದು ಯಾರಾದರೂ ಒಬ್ಬರು ಹೇಳಬಹುದಿತ್ತು. ಮೂಗು ಅತ್ತೆಯದು, ಕೂದಲು ಅತ್ತೆಯದು ಎಂದು ದಿನವೂ ಹೇಳುತ್ತಿದ್ದ ಬಾಯಿಗಳೇ ಅವು, ಆದರೆ ಮೈ ಮಾತ್ರ ಅವಳದೇ ತಪ್ಪು. ಅವಳಿಗೆ ತಕ್ಕಡಿಯ ಮೇಲೆ ಅಷ್ಟು ಪ್ರೀತಿ ಬೆಳೆದದ್ದು ಇದರಿಂದಲೇ ಇರಬೇಕು. ಮುಖ ನೋಡಿ ತೀರ್ಪು ಕೊಡದ ವಸ್ತು ಅವಳು ಕಂಡದ್ದು ಅದೊಂದೇ.

ಒಂದು ಬೇಸಿಗೆಯ ಕೊನೆಗೆ ವಾರ್ಡಿಗೆ ಹೊಸ ಹುಡುಗಿ ಬಂದಳು. ನಾಲ್ಕು ವರ್ಷ, ಮೂವತ್ತೆಂಟು ಕಿಲೋ. ಮೊದಲ ದಿನವೇ ಎಲ್ಲರಿಗೂ ಅವಳು ಪುಟ್ಟಿಯಾದಳು. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಸಣಕಲು, ಕೈ ತುಂಬ ಸುಟ್ಟ ಕಲೆಗಳು. ತಂದೆ ಲಾರಿ ಓಡಿಸುವವನು, ಅವನೂ ದಪ್ಪವೇನಲ್ಲ. ಹುಟ್ಟಿದಾಗ ಎಲ್ಲ ಮಕ್ಕಳ ಹಾಗೇ ಇದ್ದಳು, ಮೂರು ತಿಂಗಳಿಗೆ ಹತ್ತಿದ ಹಸಿವು ಇವತ್ತಿಗೂ ಇಳಿದಿಲ್ಲ ಎಂದು ತಾಯಿ ಹೇಳಿದಳು. ಊಟ ಮುಗಿದ ಅರ್ಧ ಗಂಟೆಗೆ ಅಳು. ಕಪಾಟಿಗೆ ಬೀಗ ಹಾಕಿದರೆ ಬೀಗದ ಮುಂದೆ ಕೂತು ಅಳು. ಈ ಕಥೆ ಕೇಳಿದವರೆಲ್ಲ ಅವಳಿಗೇ ಬುದ್ಧಿ ಹೇಳಿದ್ದರು, ಮುದ್ದು ಮಾಡಿ ಕೆಡಿಸಿದ್ದೀಯ ಎಂದು. ನಾಲ್ಕು ವರ್ಷ ಕೇಳಿ ಕೇಳಿ ಅವಳೂ ಅರ್ಧ ನಂಬಿದ್ದಳು.

ವಾರ್ಡಿನ ಮುಖ್ಯಸ್ಥೆ ಡಾಕ್ಟರಮ್ಮ ಕೆಟ್ಟವರಲ್ಲ, ಆದರೆ ಕಾಗದದ ಮೇಲಿಲ್ಲದ್ದನ್ನು ನಂಬುವವರೂ ಅಲ್ಲ. ಪುಟ್ಟಿಗೆ ಅಳೆದು ತೂಗಿದ ಊಟ ಗೊತ್ತುಮಾಡಿದರು. ಹತ್ತು ದಿನದಲ್ಲಿ ಒಂದು ಕಿಲೋ ಇಳಿಯಿತು. ಮನೆಯಲ್ಲಿ ಇಷ್ಟು ಮಾಡೋಕೆ ಏನಾಗಿತ್ತು ಎಂದು ದೊಡ್ಡ ಸಿಸ್ಟರು ತಾಯಿಯನ್ನು ಕೇಳಿಯೂ ಬಿಟ್ಟರು. ಇನ್ನಷ್ಟು ಇಳಿಯಲಿ ಎಂದು ಡಾಕ್ಟರಮ್ಮ, ಊಟವಾದ ಮೇಲೆ ಮಗು ಕಾರಿಡಾರಿನಲ್ಲಿ ನಡೆದಾಡಬೇಕು ಎಂದು ಬರೆದರು. ಹನ್ನೊಂದನೆಯ ದಿನದಿಂದ ತೂಕ ಏರತೊಡಗಿತು. ಊಟ ಅಷ್ಟೇ, ಒಂದು ತುತ್ತೂ ಹೆಚ್ಚಿಲ್ಲ. ಆದರೂ ಮತ್ತೆ ಹತ್ತೊಂಬತ್ತು ದಿನ ಕಳೆಯುವಷ್ಟರಲ್ಲಿ ಒಂದೂವರೆ ಕಿಲೋ ಮೇಲೆ.

ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಯಾರೋ ಎಂದರೆ ಇನ್ಯಾರು? ಬಾಗಿಲಲ್ಲಿ ತಾಯಿಯ ಚೀಲ ತಡಕಿದರು, ಏನೂ ಸಿಗಲಿಲ್ಲ. ಬಟ್ಟೆಯೊಳಗೆ ಬಚ್ಚಿಟ್ಟು ತರುತ್ತಾಳೆ ಎಂದಾಯಿತು. ಆ ವಾರದ ಸೋಮವಾರದಿಂದ ಅವಳನ್ನು ಒಳಗೆ ಬಿಡುವುದನ್ನೇ ನಿಲ್ಲಿಸಿದರು. ಸಂಜೆ ಹತ್ತು ನಿಮಿಷ ಗಾಜಿನ ಬಾಗಿಲಾಚೆ ನಿಂತು ಮಗಳನ್ನು ನೋಡಿ ಹೋಗಬಹುದಿತ್ತು, ಅಷ್ಟೇ. ಕೊನೆಗೆ, ಮಗುವನ್ನು ತಾಯಿಯಿಂದ ಬೇರೆ ಮಾಡಿ ಮಕ್ಕಳ ಆಶ್ರಯಧಾಮಕ್ಕೆ ಸೇರಿಸಬೇಕೆಂದು ಪತ್ರ ಟೈಪಾಯಿತು. ಶುಕ್ರವಾರ ಬೆಳಗ್ಗೆ ಸಭೆ, ಅಲ್ಲೇ ಸಹಿ.

ಈ ಸುದ್ದಿಯನ್ನು ಬುಧವಾರ ಅಡುಗೆಮನೆಗೆ ತಂದವನು ಕಡ್ಡಿ. ಡಾಕ್ಟರಮ್ಮ ಹೇಳಿದ ಮಾತನ್ನೂ ತಂದ: ತಕ್ಕಡಿ ಅಕ್ಕನ ಪುಸ್ತಕ ತಪ್ಪೋದಿಲ್ಲ, ಆಸ್ಪತ್ರೆ ಊಟದಲ್ಲಿ ತೂಕ ಏರೋಕೆ ಸಾಧ್ಯ ಇಲ್ಲ, ಅಲ್ಲಿಗೆ ಉಳಿದದ್ದು ತಾಯಿ. ಅಕ್ಕನಿಗೆ ಮೊದಲು ಖುಷಿಯೇ ಆಯಿತು, ಸುಳ್ಳು ಹೇಳುವುದೇಕೆ. ಇಪ್ಪತ್ತಾರು ವರ್ಷದಲ್ಲಿ ಡಾಕ್ಟರಮ್ಮನ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ಆಮೇಲೆ ಆ ಮಾತು ಒಳಗೆಲ್ಲೋ ಚುಚ್ಚತೊಡಗಿತು. ಹಾಗಾದರೆ ಒಬ್ಬ ತಾಯಿಯಿಂದ ಮಗುವನ್ನು ಕೀಳುತ್ತಿರುವುದು ತನ್ನ ಪುಸ್ತಕವೇ.

ಪಾತ್ರೆ ತೊಳೆಯುವವರು ಹೋದ ಮೇಲೆ ಅವಳು ಪುಸ್ತಕ ಬಿಚ್ಚಿ ಕೂತಳು. ಪುಟ್ಟಿಯ ಪುಟಗಳಲ್ಲಿ ಹುಳುಕಿಲ್ಲ. ಹಾಗೇ ತಿರುವುತ್ತ ನಾಲ್ಕನೇ ಮಂಚದ ಹುಡುಗನ ಪುಟಕ್ಕೆ ಬಂದಳು. ಎಂಟು ವರ್ಷದ ಪೀಚಲು ಹುಡುಗ, ಊಟ ಎಂದರೆ ಮುಖ ತಿರುಗಿಸುವವನು. ಈಚೆಗೆ ತಟ್ಟೆ ಖಾಲಿ ಮಾಡಿ ಕಳಿಸುತ್ತಿದ್ದ. ಆದರೂ ತೂಕ ಏರುವುದಿರಲಿ, ಕಾಲು ಕಿಲೋ ಇಳಿದಿತ್ತು. ಇಷ್ಟು ತಿಂದೂ ಮೈಗೆ ಹತ್ತುತ್ತಿಲ್ಲ ಎಂದರೆ ಕರುಳಿನಲ್ಲೇ ದೋಷವಿರಬೇಕು ಎಂದು, ಮುಂದಿನ ವಾರ ಕೊಳವೆ ಇಳಿಸಿ ನೋಡುವುದಿತ್ತು. ಅವನು ತಟ್ಟೆ ಖಾಲಿ ಮಾಡಲು ಶುರುಮಾಡಿದ ತಾರೀಖು ನೋಡಿದಳು. ಪುಟ್ಟಿಯ ತೂಕ ಏರಲು ಶುರುವಾದ ತಾರೀಖು ನೋಡಿದಳು. ಎರಡೂ ಒಂದೇ. ಐದನೇ ಮಂಚ, ಒಂಬತ್ತನೇ ಮಂಚ, ಎಲ್ಲರ ತಟ್ಟೆಗಳೂ ಆ ದಿನದಿಂದಲೇ ಸ್ವಚ್ಛ.

ಇನ್ನೊಂದೂ ನೆನಪಾಯಿತು. ಕಿತ್ತಳೆಯ ಸಿಪ್ಪೆಗಳು. ಅವೂ ಅಂದಿನಿಂದಲೇ ತಟ್ಟೆಯಲ್ಲಿ ಬರುತ್ತಿರಲಿಲ್ಲ. ಅವಳು ಕಡ್ಡಿಯನ್ನು ಕೇಳಿದ್ದಳು. ಗುಡಿಸುವವರು ಎತ್ತಿ ಬುಟ್ಟಿಗೆ ಹಾಕುತ್ತಾರೇನೋ ಎಂದಿದ್ದ. ಇರಬಹುದು ಎಂದುಕೊಂಡು, ಯಾವಾಗಲೂ ಸಿಪ್ಪೆ ಮೂವತ್ತು ಗ್ರಾಮಿನ ಆಸುಪಾಸು ತೂಗುತ್ತದಲ್ಲ ಎಂದು, ಹನ್ನೆರಡು ತಟ್ಟೆಗೂ ಮೂವತ್ತು ಮೂವತ್ತು ಎಂದು ಬರೆದುಬಿಟ್ಟಿದ್ದಳು. ಹತ್ತೊಂಬತ್ತು ದಿನ. ಅಂದಾಜು.

ಗುರುವಾರ ಮಧ್ಯಾಹ್ನ ಊಟದ ಟ್ರಾಲಿ ವಾರ್ಡಿನಿಂದ ಹೊರಟಾಗ ಅಕ್ಕ ಅದರ ಹಿಂದೆ ಹೋದಳು. ಟ್ರಾಲಿ ನೇರವಾಗಿ ಅಡುಗೆಮನೆಗೆ ಬರಬೇಕೆಂಬುದು ನಿಯಮ. ಕಡ್ಡಿ ಅದನ್ನು ಕಾರಿಡಾರಿನ ತಿರುವಿನಲ್ಲಿ ನಿಲ್ಲಿಸಿ, ಒಂದು ಟೀ ಕುಡಿದು ಬರುತ್ತೇನೆ ಎಂದು ಮೆಟ್ಟಿಲಿಳಿದ. ಸ್ವಲ್ಪ ಹೊತ್ತಿಗೆ ಪುಟ್ಟಿ ಗೋಡೆ ಹಿಡಿದುಕೊಂಡು, ಏದುಸಿರು ಬಿಡುತ್ತ, ಡಾಕ್ಟರಮ್ಮ ಹೇಳಿದ ಹಾಗೆ ನಡೆದಾಡುತ್ತ ಬಂದಳು. ಕಳ್ಳರ ಹಾಗೆ ಅತ್ತಿತ್ತ ನೋಡಲಿಲ್ಲ. ನಾಲ್ಕನೇ ಮಂಚದ ತಟ್ಟೆಯ ಅನ್ನ, ತಣ್ಣಗಾದ ಗಂಜಿ, ಬ್ರೆಡ್ಡಿನ ಒಣ ಅಂಚು, ಒಂದಾದ ಮೇಲೊಂದು ಎರಡೂ ಕೈಯಿಂದ ಬಾಯಿಗೆ ಹಾಕಿಕೊಂಡಳು. ಅದು ಮುಗಿದ ಮೇಲೆ ಸಿಪ್ಪೆಗೆ ಕೈ ಹಾಕಿದಳು. ಕಹಿಗೆ ಮುಖ ಹಿಂಡಿಹೋಗುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಅಗಿದು ನುಂಗುತ್ತಲೇ ಇದ್ದಳು. ಬೀಜವನ್ನೂ ಬಿಡಲಿಲ್ಲ.

ಅಕ್ಕ ಕಂಬದ ಮರೆಯಲ್ಲಿ ನಿಂತು ನೋಡಿದಳು. ಕದ್ದು ತಿನ್ನುತ್ತೀಯ ಎಂದು ತನಗೆ ಅಂದಿದ್ದರು. ಆದರೆ ಆ ಮನೆಯಲ್ಲಿ ಕಳವಾಗುತ್ತಿದ್ದದ್ದು ಸಕ್ಕರೆ, ಯಾರೂ ಯಾವತ್ತೂ ಸಿಪ್ಪೆ ಕದ್ದಿರಲಿಲ್ಲ. ಹೋಗಿ ಮಗುವಿನ ಕೈ ಹಿಡಿದಾಗ ಮಗು ಬೆಚ್ಚಿತು, ಆದರೆ ಅಗಿಯುವುದನ್ನು ನಿಲ್ಲಿಸಲಾಗಲಿಲ್ಲ.

“ಹೊಟ್ಟೆ ಸುಮ್ನಿರಲ್ಲ ಅಕ್ಕ,” ಎಂದಿತು. “ನಾನು ಸುಮ್ನಿರು ಅಂತೀನಿ. ಅದು ಸುಮ್ನಿರಲ್ಲ.”

ಅಕ್ಕ ಮೊದಲು ಹೇಳಿದ್ದು ದೊಡ್ಡ ಸಿಸ್ಟರಿಗೆ. ಸಿಸ್ಟರು ಬಾಗಿಲು ಮುಂದೆ ಮಾಡಿ, ಅಕ್ಕನ ಒಳ್ಳೆಯದಕ್ಕೇ ಒಂದು ದಾರಿ ಹೇಳಿದರು. ಇವತ್ತಿನಿಂದ ಟ್ರಾಲಿಗೆ ಮುಚ್ಚಳ ಹಾಕಿಸೋಣ, ಕಡ್ಡಿಗೆ ನಾಲ್ಕು ಮಾತು ಬಿಗಿಯೋಣ, ತೂಕ ತಾನಾಗಿ ಇಳಿಯುತ್ತದೆ. ಹಳೆಯ ಪುಟಗಳನ್ನು ಕೆದಕುವುದೇಕೆ? ಡಾಕ್ಟರಮ್ಮ ಆ ಅಂಕಿಗಳನ್ನೆಲ್ಲ ಮೇಲಿನವರಿಗೆ ಕಳಿಸುವ ದೊಡ್ಡ ವರದಿಗೆ ಸೇರಿಸಿಯಾಗಿದೆ, ನಿವೃತ್ತಿಗೆ ನಿನಗೆ ನಾಲ್ಕೇ ವರ್ಷ ಉಳಿದಿದೆ, ಇಷ್ಟು ದಿನ ಸಂಪಾದಿಸಿದ ಹೆಸರನ್ನು ನೀನೇ ಹಾಳು ಮಾಡಿಕೊಳ್ಳುತ್ತೀಯಾ ಎಂದು ಕೇಳಿದರು. ಅಕ್ಕ ಎದ್ದು ಬಂದಳು. ಮನೆಗೆ ಹೋಗುವ ಬಸ್ಸಿನಲ್ಲಿ ಅದೇ ಯೋಚನೆ. ಸಿಸ್ಟರು ಹೇಳಿದ ಹಾಗೆ ಮಾಡಿದರೆ ತೂಕ ಇಳಿಯುವುದು ನಿಜ. ಆಗ ಎಲ್ಲರೂ ಹೇಳುವುದೂ ನಿಜ: ನೋಡಿ, ತಾಯಿಯನ್ನು ದೂರವಿಟ್ಟ ಕೂಡಲೇ ಇಳಿಯಿತು.

ಇಪ್ಪತ್ತಾರು ವರ್ಷ ಅವಳ ಆಸ್ತಿ ಎಂದರೆ ಆ ಪುಸ್ತಕವೊಂದೇ. ಮೈ ನೋಡಿ ನಗುವವರ ಬಾಯಿ ಮುಚ್ಚಿಸಿದ್ದು ಅದು. ಅದರಲ್ಲಿ ತಪ್ಪಿದೆ ಎಂದು ತಾನಾಗಿ ಹೇಳುವುದೆಂದರೆ ಮತ್ತೆ ಆ ಬಾಯಿಗಳಿಗೆ ಸಿಕ್ಕುವುದೇ. ನಾನಾಗಿದ್ದರೆ ಹೇಳುತ್ತಿದ್ದೆ ಎಂದು ಎದೆ ತಟ್ಟಿಕೊಳ್ಳುವವರು ಒಂದು ಗಳಿಗೆ ಅವಳ ಜಾಗದಲ್ಲಿ ನಿಂತು ನೋಡಬೇಕು.

ಶುಕ್ರವಾರ ಸಭೆ ನಡೆಯುತ್ತಿದ್ದ ಕೋಣೆಗೆ ಅಕ್ಕ ಯಾರೂ ಕರೆಯದೆ ಹೋದಳು. ಮೇಜಿನ ಸುತ್ತ ಆರು ಜನ. ತುದಿಯ ಕುರ್ಚಿಯ ಅಂಚಿನಲ್ಲಿ ಪುಟ್ಟಿಯ ತಾಯಿ. ಪತ್ರ ಡಾಕ್ಟರಮ್ಮನ ಮುಂದಿತ್ತು. ಅಕ್ಕ ಪುಸ್ತಕವನ್ನು ಆ ಪತ್ರದ ಮೇಲೆಯೇ ಇಟ್ಟಳು.

“ಹತ್ತೊಂಬತ್ತು ದಿನದ್ದು ತಪ್ಪಿದೆ ಮೇಡಂ,” ಎಂದಳು. “ತಪ್ಪು ನಂದು. ಈ ಅಮ್ಮ ಏನೂ ತಂದು ಕೊಟ್ಟಿಲ್ಲ. ಮಗು ಟ್ರಾಲಿಯಿಂದ ಎಂಜಲು ತಿಂದಿದೆ. ನಾನು ಸಿಪ್ಪೆ ತೂಗದೆ ಮೂವತ್ತು ಅಂತ ಬರೆದೆ.”

ಡಾಕ್ಟರಮ್ಮ ಪುಟ ತಿರುವಿ ನೋಡಿದರು, ಮುಖ ಕೆಂಪಗಾಯಿತು. ಕೆಂಪು ಪೆನ್ನು ತೆಗೆದು ಒಂದೊಂದು ದಿನದ ಲೆಕ್ಕಕ್ಕೂ ಅಡ್ಡಗೀಟು ಎಳೆದು, ಪ್ರತಿಯೊಂದರ ಕೆಳಗೂ ತಪ್ಪು ಎಂದು ಬರೆದು ಸಹಿ ಹಾಕಲು ಹೇಳಿದರು. ಅಕ್ಕ ನಿಂತೇ ಹತ್ತೊಂಬತ್ತು ಸಹಿ ಹಾಕಿದಳು. ಒಂದನ್ನೂ ಬಿಡಲಿಲ್ಲ. ಕೊನೆಯದಕ್ಕೆ ಬಂದಾಗ ಡಾಕ್ಟರಮ್ಮ ಇದ್ದಕ್ಕಿದ್ದಂತೆ ತಲೆ ಎತ್ತಿ, ಸಿಪ್ಪೆ ಏನಾಯಿತು ಎಂದು ಕೇಳಿದರು.

“ಅದನ್ನೂ ತಿಂದಿದೆ. ಬೀಜದ ಸಮೇತ.” ಅಕ್ಕ ಪೆನ್ನು ಕೆಳಗಿಟ್ಟಳು. “ಆಸೆಗೆ ಯಾರೂ ಸಿಪ್ಪೆ ತಿನ್ನೋದಿಲ್ಲ ಮೇಡಂ. ಅದು ಬೇರೆ ಏನೋ. ನಾನು ಓದಿದವಳಲ್ಲ, ಏನು ಅಂತ ನೀವು ಹೇಳ್ಬೇಕು.”

ಡಾಕ್ಟರಮ್ಮ ತಾಯಿಯ ಕಡೆ ತಿರುಗಿ, ಮೂರು ತಿಂಗಳಿಗೆ ಶುರುವಾದ ಹಸಿವಿನ ಕಥೆಯನ್ನು ಮೊದಲಿನಿಂದ ಮತ್ತೊಮ್ಮೆ ಹೇಳಲು ಕೇಳಿದರು. ಆ ಕಥೆಯನ್ನು ಒಬ್ಬರು ಪೂರ್ತಿ ಕೇಳಿಸಿಕೊಂಡದ್ದು ನಾಲ್ಕು ವರ್ಷದಲ್ಲಿ ಅದೇ ಮೊದಲು. ಪತ್ರಕ್ಕೆ ಸಹಿ ಬೀಳಲಿಲ್ಲ. ತಾಯಿ ಅಂದೇ ಮಧ್ಯಾಹ್ನ ಗಾಜಿನ ಬಾಗಿಲು ದಾಟಿ ಒಳಗೆ ಬಂದಳು. ನಾಲ್ಕನೇ ಮಂಚದ ಹುಡುಗನ ಕೊಳವೆಯ ಪರೀಕ್ಷೆಯೂ ರದ್ದಾಯಿತು. ಅವನು ಪಾಪ ಊಟವನ್ನೇ ಮಾಡುತ್ತಿರಲಿಲ್ಲ.

ಪುಟ್ಟಿಯ ರಕ್ತ ದೂರದ ಪ್ರಯೋಗಾಲಯಕ್ಕೆ ಹೋಯಿತು. ಆರು ವಾರಕ್ಕೆ ಉತ್ತರ ಬಂತು. ಮೈಯಲ್ಲಿರುವ ಕೊಬ್ಬು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಇಲ್ಲಿ ಬೇಕಾದಷ್ಟಿದೆ ಎಂದು ಮಿದುಳಿಗೆ ಗೊತ್ತಾಗುವುದು ಅದರಿಂದ. ಅದನ್ನು ತಯಾರಿಸುವ ಜೀನು ಪುಟ್ಟಿಯಲ್ಲಿ ಕೆಟ್ಟಿತ್ತು. ತಂದೆಯಿಂದ ಒಂದು ಕೆಟ್ಟ ಪ್ರತಿ, ತಾಯಿಯಿಂದ ಒಂದು. ಅವರಿಬ್ಬರಿಗೂ ಒಂದೊಂದು ಒಳ್ಳೆಯ ಪ್ರತಿ ಇದ್ದದ್ದರಿಂದ ತೊಂದರೆಯಾಗಿರಲಿಲ್ಲ, ಮಗುವಿಗೆ ಎರಡೂ ಕೆಟ್ಟವೇ ಬಂದಿದ್ದವು. ಮೂವತ್ತೆಂಟು ಕಿಲೋದ ಆ ಮಗುವಿನ ಮಿದುಳು, ಹುಟ್ಟಿದಂದಿನಿಂದ ತಾನು ಉಪವಾಸ ಸಾಯುತ್ತಿದ್ದೇನೆ ಎಂದೇ ತಿಳಿದುಕೊಂಡಿತ್ತು. ಇಂಥದ್ದು ಬಹಳ ಅಪರೂಪ, ಪುಸ್ತಕದಲ್ಲಿ ಓದಿದ್ದೆ, ಎದುರಿಗೆ ಬಂದಾಗ ಗುರುತು ಹಿಡಿಯಲಿಲ್ಲ ಎಂದು ಡಾಕ್ಟರಮ್ಮ ತಾಯಿಯ ಮುಂದೆ ಒಪ್ಪಿಕೊಂಡು, ಕೈ ಹಿಡಿದು ಕ್ಷಮೆ ಕೇಳಿದರು. ಅದು ಅವರ ದೊಡ್ಡಗುಣ.

ಅದೇ ಬಿಸಿಯಲ್ಲಿ ಅಕ್ಕ ತನ್ನ ರಕ್ತವನ್ನೂ ಕೊಟ್ಟಿದ್ದಳು. ಅವಳಲ್ಲಿ ಅಂಥ ಒಂದೇ ದೊಡ್ಡ ದೋಷವಿರಲಿಲ್ಲ. ಹೆಚ್ಚಿನವರಲ್ಲಿ ಹೀಗೇ ಎಂದರು ಡಾಕ್ಟರಮ್ಮ: ನೂರಾರು ಕಡೆ ಸಣ್ಣ ಸಣ್ಣ ವ್ಯತ್ಯಾಸ, ಒಂದೊಂದೂ ಚಿಟಿಕೆಯಷ್ಟು ತೂಕ ಕೂಡಿಸುತ್ತದೆ ಇಲ್ಲವೇ ಕಳೆಯುತ್ತದೆ. ನಿನ್ನ ಪಾಲಿಗೆ ಕೂಡಿಸುವವೇ ಹೆಚ್ಚು ಬಂದಿವೆ, ತಂಗಿಗೆ ಬೇರೆ ಬಂದಿರುತ್ತವೆ. ಊಟವೂ ಓಡಾಟವೂ ಲೆಕ್ಕಕ್ಕೆ ಬರುತ್ತವೆ, ಆದರೆ ಎಲ್ಲರೂ ಒಂದೇ ಗೆರೆಯಿಂದ ಓಟ ಶುರುಮಾಡುವುದಿಲ್ಲ. ಇದಕ್ಕೆ ಸೂಜಿಮದ್ದಿಲ್ಲ ಎಂದೂ ಹೇಳಿದರು. ಅಕ್ಕ ತನಗೆ ಸೂಜಿ ಬೇಡ, ಆ ಕಾಗದ ಸಾಕು ಎಂದು ಈಸಿಕೊಂಡಳು. ಸಂಜೆ ತಂಗಿಗೆ ಫೋನ್ ಮಾಡಿ ಓದಿ ಹೇಳಿದಳು. ತಂಗಿ ಆ ಕಡೆಯಿಂದ, ಸಕ್ಕರೆ ತಿಂದಿದ್ದು ನಾನೇ ಕಣೇ ಎಂದು ಐವತ್ತು ವರ್ಷದ ಮೇಲೆ ಒಪ್ಪಿಕೊಂಡಳು. ಇಬ್ಬರೂ ನಕ್ಕರು, ಅತ್ತರು.

ಪುಟ್ಟಿಗೆ ಮಾತ್ರ ಮದ್ದಿತ್ತು. ಅವಳ ಮೈ ತಯಾರಿಸದ ಹಾರ್ಮೋನನ್ನು ದಿನಕ್ಕೊಂದು ಸೂಜಿಯಲ್ಲಿ ಕೊಡಬೇಕು. ಅದನ್ನು ತರಿಸಲು ಡಾಕ್ಟರಮ್ಮ ಎರಡು ತಿಂಗಳು ಪತ್ರದ ಮೇಲೆ ಪತ್ರ ಬರೆದರು. ಅಷ್ಟು ದಿನವೂ ಟ್ರಾಲಿಯನ್ನು ಕಡ್ಡಿಯ ಜೊತೆ ಅಕ್ಕನೇ ತಳ್ಳಿದಳು, ಸಿಪ್ಪೆಗಳನ್ನು ಒಂದೊಂದಾಗಿ ತೂಗಿದಳು. ಅವಳ ಪುಸ್ತಕವನ್ನು ಡಾಕ್ಟರಮ್ಮ ಬೇರೆಯವರಿಗೆ ಕೊಡಲಿಲ್ಲ. ಯಾಕೆ ಎಂದು ಸಿಸ್ಟರು ಕೇಳಿದ್ದಕ್ಕೆ, ತಪ್ಪನ್ನು ತಾನೇ ತಂದು ತೋರಿಸುವವರು ಇನ್ನೊಬ್ಬರು ಸಿಕ್ಕಿದರೆ ಹೇಳಿ ಎಂದರಂತೆ.

ಸೂಜಿ ಶುರುವಾಗಿ ಎಂಟನೆಯ ದಿನ. ಮಧ್ಯಾಹ್ನದ ಊಟ ನಡೆಯುತ್ತಿತ್ತು, ಅಕ್ಕ ವಾರ್ಡಿನ ಬಾಗಿಲಲ್ಲಿ ತಟ್ಟೆಗಳಿಗಾಗಿ ಕಾಯುತ್ತಿದ್ದಳು. ಪುಟ್ಟಿ ಎಂಟು ಹತ್ತು ತುತ್ತು ತಿಂದು ಕೈ ನಿಲ್ಲಿಸಿದಳು. ತಟ್ಟೆಯಲ್ಲಿ ಅರ್ಧ ಅನ್ನ ಹಾಗೇ ಇತ್ತು. ಕಿಟಕಿಯ ಹೊರಗೆ ಯಾರೋ ಬಟ್ಟೆ ಒಣಹಾಕುತ್ತಿದ್ದರು, ಅದನ್ನೇ ನೋಡುತ್ತ ಕೂತಳು. ತಾಯಿ ಕಾದಳು. ಮಗು ತಟ್ಟೆಯ ಕಡೆ ತಿರುಗಲಿಲ್ಲ. ತಾಯಿ ತಟ್ಟೆಯನ್ನು ಸ್ವಲ್ಪ ಹತ್ತಿರ ಸರಿಸಿದಳು. ಪುಟ್ಟಿ ಅದನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿ, ಮತ್ತೆ ಕಿಟಕಿ ನೋಡಿದಳು.

ನಾಲ್ಕು ವರ್ಷ ಬೀಗ ಹಾಕಿ, ಬಚ್ಚಿಟ್ಟು, ಕೈಯಿಂದ ಕಿತ್ತುಕೊಂಡು ಬದುಕಿದ ಆ ತಾಯಿ ಒಂದು ತುತ್ತು ಕಲಸಿ ಎತ್ತಿ, ಲೋಕದ ತಾಯಂದಿರೆಲ್ಲ ದಿನಕ್ಕೆ ಹತ್ತು ಸಲ ಹೇಳುವ, ಅವಳು ಮಾತ್ರ ಇದುವರೆಗೆ ಒಮ್ಮೆಯೂ ಹೇಳದಿದ್ದ ಮಾತು ಹೇಳಿದಳು.

“ಇದೊಂದೇ ಒಂದು ತುತ್ತು ತಿಂದುಬಿಡು ಮಗಾ.”